ಕಂಬದಾಚೆ ನಿಂತ ಕಾಕಿ

ಕಾರಣ ಹೇಳಲಾಗದ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಅವರ ಪರವಾಗಿ ನಾಚಿಕೆಯಾಗುತ್ತಿತ್ತು. ನಮ್ಮ ಓಣಿಯಲ್ಲಿ ಅಂಥವರು ಬಹಳ. ಬಾವಿಯ ಹತ್ತಿರ ಯಾರೋ ಹೆಸರು ಹಿಡಿದು ಕರೆದರಂತೆ, ಬೀಗ ಹಾಕಿದ ಅಂಗಡಿಯೊಳಗೆ ತಕ್ಕಡಿ ಅಲುಗಿತಂತೆ. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಇವರು ಸರಿಯಾಗಿ ನೋಡಿಲ್ಲ, ಅಷ್ಟೇ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಗುಲಬರ್ಗಾದಲ್ಲಿ ಭೌತಶಾಸ್ತ್ರ ಓದಿ ಬಂದವಳು ನಾನು. ಸರಿಯಾಗಿ ನೋಡಿದರೆ ಎಲ್ಲದಕ್ಕೂ ಕಾರಣ ಸಿಗುತ್ತದೆ ಎಂಬ ನಂಬಿಕೆಯನ್ನು ಇಂದಿಗೂ ಬಿಟ್ಟಿಲ್ಲ. ಆದರೂ ಈಗ ಬರೆಯುತ್ತಿರುವುದು ಅಂಥದೇ ಒಂದು ಸಂಗತಿ. ಓದುವವರು ನನ್ನ ಬಗ್ಗೆ ಏನು ಅಂದುಕೊಳ್ಳಬಹುದು ಎಂದು ಗೊತ್ತು. ನಾನೇ ಬೇರೆಯವರ ಬಗ್ಗೆ ಹಾಗೆ ಅಂದುಕೊಂಡವಳು.

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಹುಮನಾಬಾದಿನಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದರು. ಅವರ ಹತ್ತಿರ ಹೈದರಾಬಾದಿನಿಂದ ತಂದ ಒಂದು ವೈಡ್ ಲೆನ್ಸ್ ಇತ್ತು. ಚಿಕ್ಕದು, ಎಲ್ಲ ಲೋಹದ್ದು, ಕೈಯಲ್ಲಿ ಹಿಡಿದರೆ ತೂಕದ ಬಟ್ಟಿನ ಹಾಗೆ ಭಾರ. ಬೇಮಳಖೇಡದ ಶಾಲೆಯ ಮಕ್ಕಳು, ಹಳ್ಳಿಖೇಡದ ಕಡೆಯ ಮದುವೆ ಮನೆಯವರು, ಎಷ್ಟೇ ದೊಡ್ಡ ಗುಂಪಿದ್ದರೂ ಅದರೊಳಗೆ ಹಿಡಿಸುತ್ತಿದ್ದರು. ಆದರೆ ಅಂಚಿಗೆ ನಿಂತವರು ಆ ಫೋಟೊಗಳಲ್ಲಿ ತುಸು ಅಗಲವಾಗಿ, ಹೊರಗೆ ವಾಲಿದಂತೆ ಕಾಣುತ್ತಿದ್ದರು. ವೈಡ್ ಲೆನ್ಸಿನ ಗುಣವೇ ಅದು. ಅದಕ್ಕಾಗಿ ಗುಂಡಿ ಒತ್ತುವ ಮೊದಲು ಕಾಕಾ "ಕಡೀಗಿದ್ದವ್ರು ಜರಾ ಒಳಗ ಸರೀರಿ" ಎಂದು ಕೂಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚಿತು. ಲೆನ್ಸನ್ನು ಅವರ ಹೆಂಡತಿ, ನನ್ನ ಕಾಕಿ, ಒಂದು ಉಣ್ಣೆ ಟೋಪಿಯೊಳಗೆ ಸುತ್ತಿ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು.

ಕಾಕಿಗೆ ಮಕ್ಕಳಿಲ್ಲ. ಅಕ್ಕ ರೇಖಾಳನ್ನೂ ನನ್ನನ್ನೂ ಎತ್ತಿ ಬೆಳೆಸಿದವಳು ಅವಳೇ. ಒಂದೇ ಮನೆ, ಒಂದೇ ಒಲೆ. ಕಾಕಾ ಹೋದಂದಿನಿಂದ ಅವಳು ಒಂದೇ ಒಂದು ಫೋಟೊಕ್ಕೂ ನಿಂತಿರಲಿಲ್ಲ.

ನಮ್ಮ ಕಡೆ ರೀಲಿನ ಕಾಲ ಮುಗಿದು ಡಿಜಿಟಲ್ ಕ್ಯಾಮೆರಾ ಬಂದ ವರ್ಷಗಳಲ್ಲಿ ನನಗೆ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಅದರ ಜೊತೆ ಲೆನ್ಸ್ ಇರಲಿಲ್ಲ. ಕಾಕಿ ಟ್ರಂಕ್ ತೆಗೆದು ಕಾಕಾನ ಲೆನ್ಸನ್ನು ನನ್ನ ಕೈಗೆ ಕೊಟ್ಟಳು. ತಿರುಗಿಸಿ ನೋಡಿದೆ, ಸರಿಯಾಗಿ ಕೂತಿತು. ಫೋಕಸ್ ಕೈಯಿಂದಲೇ ಮಾಡಬೇಕು, ಬೆಳಕಿನ ಅಂದಾಜು ನಾವೇ ನೋಡಿಕೊಳ್ಳಬೇಕು. ಹೊಸ ಕ್ಯಾಮೆರಾಕ್ಕೆ ಹಳೆಯ ಲೆನ್ಸಿನ ಗುರುತೇ ಸಿಗುವುದಿಲ್ಲ. ಲೆನ್ಸಿನ ವಿವರ ತೋರಿಸಬೇಕಾದ ಜಾಗದಲ್ಲಿ ಬರೀ ಎರಡು ಅಡ್ಡಗೆರೆ ತೋರಿಸುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಲೆನ್ಸು ಒಳಗೆ ತರುವ ಚಿತ್ರ ಒಂದು ರೊಟ್ಟಿಯಷ್ಟು ಎಂದುಕೊಳ್ಳಿ. ರೀಲಿನ ಕ್ಯಾಮೆರಾ ಆ ರೊಟ್ಟಿಯ ಅಂಚಿನ ತನಕ ಹಿಡಿಯುತ್ತಿತ್ತು. ನನ್ನ ಡಿಜಿಟಲ್ ಕ್ಯಾಮೆರಾದೊಳಗಿನ ಚಿತ್ರ ಹಿಡಿಯುವ ತುಣುಕು ಚಿಕ್ಕದು. ಅದು ನಡುವಿನ ಭಾಗವನ್ನಷ್ಟೇ ತೆಗೆದುಕೊಂಡು ಸುತ್ತಲಿನದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಕಾಕಾನ ವೈಡ್ ಲೆನ್ಸ್ ನನ್ನ ಕ್ಯಾಮೆರಾದಲ್ಲಿ ವೈಡ್ ಆಗಿ ಉಳಿದಿರಲಿಲ್ಲ. ಅಂಚು ಹಿಗ್ಗುವುದೂ ಇರಲಿಲ್ಲ, ಯಾಕೆಂದರೆ ಅಂಚೇ ಬರುತ್ತಿರಲಿಲ್ಲ.

ರೇಖಾಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದೇವೆ. ಅವಳ ಮೊದಲ ಬಸಿರಿಗೆ ಕುಬಸ, ಅಂದರೆ ಸೀಮಂತ, ಮಾಡಲು ಹುಮನಾಬಾದಿನಿಂದ ನಾವೆಲ್ಲ ಜೀಪಿನಲ್ಲಿ ಹೋದೆವು. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ, ಉಡಿಯಲ್ಲಿ ಅಕ್ಕಿ ಮತ್ತು ಉತ್ತತ್ತಿ. ಹೋಳಿಗೆ ಮಾಡಿದವಳು ಕಾಕಿ. ನಮ್ಮದು ಹಣೆಗೆ ವಿಭೂತಿ ಹಚ್ಚುವ ಮನೆತನ. ಶರಣರ ನೆಲದವರು, ಗಂಡ ಸತ್ತವಳೆಂದು ಯಾರನ್ನೂ ದೂರ ಇಡುವವರಲ್ಲ ಎಂದು ಹೇಳಿಕೊಳ್ಳುತ್ತೇವೆ. ಆದರೆ ಉಡಿ ತುಂಬುವ ಹೊತ್ತಿಗೆ ಕಾಕಿ ತಾನಾಗಿಯೇ ಅಡುಗೆಮನೆಗೆ ಹೋದಳು. ಯಾರೂ ಕಳಿಸಲಿಲ್ಲ, ಯಾರೂ ಕರೆಯಲೂ ಇಲ್ಲ.

ಆಮೇಲೆ ಗ್ರೂಪ್ ಫೋಟೊ. ಕಂಬಗಳ ಪಡಸಾಲೆಯಲ್ಲಿ ನಡುವೆ ರೇಖಾಳನ್ನು ಕುರ್ಚಿಯ ಮೇಲೆ ಕೂರಿಸಿ ಎಲ್ಲರೂ ಸುತ್ತ ನಿಂತರು. ಅಂಗಳ ಬಹಳ ಚಿಕ್ಕದು. ನನ್ನ ಬೆನ್ನು ಎದುರಿನ ಗೋಡೆಗೆ ಹತ್ತಿತ್ತು, ಹಿಂದೆ ಸರಿಯಲು ಒಂದು ಗೇಣೂ ಜಾಗವಿರಲಿಲ್ಲ.

"ಒತ್ತಿ ನಿಂದರ್ರಿ, ಎಲ್ಲಾರೂ ಬರವಲ್ರಿ" ಎಂದೆ.

"ಆ ಮುದಿ ಲೆನ್ಸಿಗೆ ಒಂದು ಚಷ್ಮಾ ಕೊಡಸಬೇಕಿಲ್ಲೋ" ಎಂದು ಭಾವ ನಗಿಸಿದರು.

"ಲಗೂನ ತೆಗಿಯವ್ವಾ. ಎರಡು ಜೀವದಾಕಿ ಎಷ್ಟೊತ್ತು ಕುಂದರಬೇಕು?" ಎಂದರು ರೇಖಾಳ ಅತ್ತೆ ಶಾಂತಾಬಾಯಿ.

ಅಷ್ಟರಲ್ಲಿ ಕಾಕಿ ಅಡುಗೆಮನೆಯಿಂದ ಬಂದು ಬಲಗಡೆಯ ಕಂಬದಿಂದಾಚೆ, ನೀರಿನ ಹರವಿಯ ಹತ್ತಿರ ನಿಂತಳು.

"ಬಾ ಕಾಕಿ, ಒಳಗ ಬಾ" ಎಂದು ಕರೆದೆ.

"ನನ್ನ ಬಿಡು. ಇಲ್ಲಿ ನಿಂತ್ರ ನಾ ಬರಾಂಗಿಲ್ಲ ಹೌದಿಲ್ಲೊ?"

ನಾನು ಕ್ಯಾಮೆರಾದಲ್ಲಿ ನೋಡಿದೆ. ಚಿತ್ರ ಬಲಗಡೆಯ ಕಂಬಕ್ಕೇ ಮುಗಿಯುತ್ತಿತ್ತು. "ಬರಾಂಗಿಲ್ಲ" ಎಂದೆ. ಮೂರು ಸಲ ಒತ್ತಿದೆ.

ಮನೆಗೆ ಬಂದು ಮೂರರಲ್ಲಿ ಎರಡನೆಯದನ್ನು ಆರಿಸಿದೆ, ಅದರಲ್ಲಿ ಎಲ್ಲರ ಕಣ್ಣೂ ತೆರೆದಿದ್ದವು. ಗ್ರೂಪ್ ಫೋಟೊ ಆರಿಸುವಾಗ ಯಾರೂ ಅಂಚು ನೋಡುವುದಿಲ್ಲ. ನಾನೂ ನೋಡಲಿಲ್ಲ. ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಲು ಅಂಗಡಿಗೆ ಕೊಟ್ಟೆ. ರೇಖಾಳನ್ನು ಹೆರಿಗೆಗೆ ಕರೆತರಲು ಮತ್ತೆ ಬಸವಕಲ್ಯಾಣಕ್ಕೆ ಹೊರಟ ದಿನ ಅಪ್ಪ ಅದನ್ನು ಕಾಗದ ಸುತ್ತಿದ್ದ ಹಾಗೆಯೇ ಅಂಗಡಿಯಿಂದ ತಂದರು. ಕಾಕಿಯೂ ಜೊತೆಗಿದ್ದಳು. ಬಾಣಂತನ ಮಾಡಬೇಕಾದವಳು ಅವಳೇ.

ಶಾಂತಾಬಾಯಿ ಎಲ್ಲರೆದುರಿಗೆ ಕಾಗದ ಬಿಚ್ಚಿದರು. ಮೊದಲು ನಕ್ಕರು. ಆಮೇಲೆ ಅವರ ಬೆರಳು ಬಲಗಡೆಯ ಅಂಚಿನ ಮೇಲೆ ನಿಂತಿತು.

ಕಂಬ ಇತ್ತು. ಕಂಬದಿಂದಾಚೆ ಹರವಿ ಇತ್ತು. ಹರವಿಯ ಹತ್ತಿರ ಕಾಕಿ ಇದ್ದಳು, ಬೂದಿ ಬಣ್ಣದ ಸೀರೆಯಲ್ಲಿ, ತುಸು ಅಗಲವಾಗಿ, ಹೊರಗೆ ವಾಲಿದಂತೆ. ಎರಡೂ ಕೈ ಎತ್ತಿ, ಮಡಿಸಿದ ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿಕೊಂಡಿದ್ದಳು. ಮಕ್ಕಳಿಗೆ ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿಯುವ ಹಾಗೆ. ಶಾಪ ಹಾಕುವಾಗಲೂ ನೆಟಿಗೆ ಮುರಿಯುವುದುಂಟು. ಅವಳ ಕಣ್ಣು ರೇಖಾಳ ಮೇಲಿತ್ತು.

"ಇದೇನ್ರಿ ಬೀಗರ?" ಎಂದರು ಶಾಂತಾಬಾಯಿ, ಅಪ್ಪನ ಕಡೆ ತಿರುಗಿ. "ಕುಬಸದ ಫೋಟೊದಾಗ ಇವ್ರು ಹ್ಯಾಂಗ ಬಂದ್ರು? ಕೈ ಯಾಕ ಎತ್ತ್ಯಾರ ನಮ್ಮ ಸೊಸಿ ಕಡೆ?"

ಕಾಕಿಯ ಮುಖ ನೋಡಲು ನನ್ನಿಂದಾಗಲಿಲ್ಲ. "ನಾ ಅತ್ತಾಗ ನಿಂತಿದ್ದೆನ್ರಿ, ದೂರ ನಿಂತಿದ್ದೆ. ಇಕಿನ್ನ ಕೇಳ್ರಿ, ಬರಾಂಗಿಲ್ಲ ಅಂದಿದ್ಲು" ಎನ್ನುತ್ತಿದ್ದಳು. ತಾನೇ ನುಗ್ಗಿ ಬಂದವಳ ಹಾಗೆ ಮತ್ತೆ ಮತ್ತೆ ಅದನ್ನೇ ಹೇಳಿದಳು.

"ಬಂದಾರಲ್ಲ, ಕಣ್ಣಿಲ್ಲೇನು ನಮಗ?" ಎಂದರು ಶಾಂತಾಬಾಯಿ. "ನೋಡ್ರಿ, ಹೆರಿಗಿ ಆಗೋತನಕ ಇವ್ರು ಹುಡುಗಿ ಹತ್ರ ಇರಬಾರ್ದು. ಇವ್ರು ತವರಿಗೆ ಹೋಗ್ಲಿ. ಇಲ್ಲಾಂದ್ರ ರೇಖಾನ್ನ ನಾವು ಕಳಸಾಂಗಿಲ್ಲ."

ಕಾಕಿಯ ತವರು ಮೋರಖಂಡಿ. ಅಲ್ಲಿ ಈಗ ಅವಳವರು ಅನ್ನುವವರು ಯಾರೂ ಇಲ್ಲ. ರೇಖಾ ಅಳಲು ಶುರು ಮಾಡಿದಳು. ಅಪ್ಪ ನೆಲ ನೋಡುತ್ತ ಕೂತರು. ನಾನು ಕಟ್ಟನ್ನು ಕೈಗೆ ತೆಗೆದುಕೊಂಡು ನೋಡಿದೆ. ನನಗೆ ಗೊತ್ತಿದ್ದ ಭೌತಶಾಸ್ತ್ರದಲ್ಲಿ ಆ ಚಿತ್ರಕ್ಕೆ ಜಾಗವಿರಲಿಲ್ಲ. ಅದನ್ನು ಆ ಪಡಸಾಲೆಯಲ್ಲಿ ಹೇಳಿದರೆ ಕಾಕಿಯ ಮೇಲಿನ ಮಾತು ಇನ್ನೂ ಬೆಳೆಯುತ್ತಿತ್ತು.

"ನಾನೇ ಕೂಡ್ಸೇನ್ರಿ ಅತ್ತಿ" ಎಂದೆ. "ಕಂಪ್ಯೂಟರ್‌ದಾಗ. ಕಾಕಿ ಫೋಟೊದಾಗ ಇದ್ದಿದ್ದಿಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಸಣ್ಣ ಸುಳ್ಳನ್ನೂ ಹೇಳದವಳೆಂದು ಹೆಸರು ಪಡೆದವಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇಷ್ಟು ಓದಿ ಇದನ್ನೇನು ಕಲ್ತಿ?" ಎಂದರು ಶಾಂತಾಬಾಯಿ. "ನಮಗ ಬುದ್ಧಿ ಹೇಳಾಕತ್ತಿ ಅಂದಂಗಾತು."

ಭಾವ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಕೂಡ್ಸೂದು ಮಾತ್ರ ಭಾರಿ ಕೂಡ್ಸಿ ಬಿಡು. ಒಂದು ಗೆರಿ ಸೈತ ಕಾಣವಲ್ದು." ಅವರು ಹೊಗಳಿದ್ದೋ ಹೀಯಾಳಿಸಿದ್ದೋ ತಿಳಿಯಲಿಲ್ಲ. ಶಾಂತಾಬಾಯಿಯವರ ಸಿಟ್ಟೆಲ್ಲ ನನ್ನ ಕಡೆ ತಿರುಗಿತು, ರೇಖಾಳನ್ನು ಕಳಿಸಿದರು. ಹುಮನಾಬಾದಿನ ತನಕ ಜೀಪಿನಲ್ಲಿ ಅಪ್ಪ ನನ್ನ ಜೊತೆ ಮಾತಾಡಲಿಲ್ಲ.

ಅಂದು ಸಂಜೆ ಕಾಕಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ.

"ಕೂಡ್ಸೇನಿ ಅಂದೆಲ್ಲ" ಎಂದಳು, ತಲೆ ಎತ್ತದೆ. "ಯಾವ ಫೋಟೊದಾಗಿಂದ ಕೂಡ್ಸಿದಿ?"

ಕಾಕಾ ಹೋದ ಮೇಲಿನ ಅವಳ ಬೇರೆ ಫೋಟೊವೇ ಇರಲಿಲ್ಲ.

"ನಾ ನೆಟಗಿ ಮುರದದ್ದು ಯಾರೂ ನೋಡಿಲ್ಲ. ಎಲ್ಲಾರೂ ನಿನ್ನ ಕಡೆ ಮುಖ ಮಾಡಿದ್ರು, ನೀ ಕ್ಯಾಮೆರಾದಾಗ ಕಣ್ಣು ಇಟ್ಟಿದ್ದಿ. ಅದಕ್ಕ ಮುರದೆ."

"ನಾ ಕೂಡ್ಸಿಲ್ಲ ಕಾಕಿ."

ಅವಳ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂದ ಮೇಲೆ ಅದನ್ನು ತೆಗೆದಳು. ಅವಳು ಕಾಕಾನ ಹೆಸರು ಎತ್ತುತ್ತಾಳೆ ಎಂದುಕೊಂಡಿದ್ದೆ, ಎತ್ತಲಿಲ್ಲ. "ತೆಗದುಬಿಡು ನನ್ನ" ಎಂದಳು. "ಕೂಡ್ಸಾಕ ಬರ್ತದಂದ್ರ ತೆಗ್ಯಾಕೂ ಬರ್ತಿರಬೇಕಲ್ಲ. ಆ ಮನಿಯಾಗ ನಾ ಹಂಗ ಕೈ ಎತ್ತಿ ನಿಂದ್ರೂದು ಬ್ಯಾಡ."

ಕಂಪ್ಯೂಟರಿನಲ್ಲಿ ಮೂರೂ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಮೊದಲನೆಯದು ಮತ್ತು ಮೂರನೆಯದು ಕಂಬಕ್ಕೇ ಮುಗಿದಿದ್ದವು. ಎರಡನೆಯದರಲ್ಲಿ ಮುಖಗಳು ಸಣ್ಣಗಿದ್ದವು, ಪಡಸಾಲೆ ಎರಡೂ ಕಡೆ ಅಗಲವಾಗಿತ್ತು, ಕಾಕಾನ ಕಾಲದ ಗ್ರೂಪ್ ಫೋಟೊಗಳಷ್ಟು. ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದಕ್ಕಿಂತ ತುಸು ಹೆಚ್ಚು ಚಿತ್ರದಲ್ಲಿ ಬರುತ್ತದೆ, ಅದು ನನಗೆ ಗೊತ್ತು. ಆ ಹೆಚ್ಚು ಬೆರಳಗಲದ್ದು. ಒಂದು ಹರವಿ, ಒಬ್ಬ ಹೆಂಗಸು ಹಿಡಿಸುವಷ್ಟಲ್ಲ. ನಾನು ಹಿಂದೆ ಸರಿದೆನೇ? ಗೋಡೆ ಇತ್ತು. ಹೈದರಾಬಾದಿನಲ್ಲಿ ಯಾರಿಗಾದರೂ ತೋರಿಸೋಣವೆಂದು ಒಂದು ದಿನ ಹೊರಟು, ಏನೆಂದು ಹೇಳಲಿ ಎಂದು ತೋಚದೆ ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಬಂದೆ.

ಕಾಕಿ ಹೇಳಿದಂತೆ ಮಾಡಿದೆ. ಎರಡನೆಯ ಚಿತ್ರವನ್ನು ಎರಡೂ ಕಡೆ ಕತ್ತರಿಸಿ ಕಂಬಕ್ಕೆ ನಿಲ್ಲಿಸಿದೆ. ಕತ್ತರಿಸಿದ ಮೇಲೆ ಅದು ಉಳಿದೆರಡು ಚಿತ್ರಗಳ ಮೇಲೆ ಗೆರೆಗೆ ಗೆರೆ ಸರಿಯಾಗಿ ಕೂತಿತು. ಬಸವಕಲ್ಯಾಣದ ಆ ಮನೆಯಲ್ಲಿ ಈಗ ತೂಗುತ್ತಿರುವುದು ಅದೇ. ನಾನು ಸುಳ್ಳು ಸೇರಿಸಿದ್ದನ್ನು ತೆಗೆದುಹಾಕಿದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಇಡೀ ಚಿತ್ರವನ್ನು ನಾನು ಅಳಿಸಿಲ್ಲ.

ರೇಖಾಗೆ ಹೆಣ್ಣು ಮಗುವಾಯಿತು. ಬಾಣಂತನ ಕಾಕಿಯೇ ಮಾಡಿದಳು. ತಾಯಿಯನ್ನೂ ಮಗುವನ್ನೂ ತೊಟ್ಟಿಲಿನ ಸಮೇತ ಕಲ್ಯಾಣಕ್ಕೆ ಬಿಡಲು ಹೋದಾಗ, ಮಗುವನ್ನು ಹೊಸ್ತಿಲ ತನಕ ಎತ್ತಿಕೊಂಡು ಬಂದವಳೂ ಅವಳೇ. ಶಾಂತಾಬಾಯಿ ಮೊಮ್ಮಗಳನ್ನು ನೋಡಿ ಹಳೆಯದನ್ನೆಲ್ಲ ಮರೆತವರಂತಿದ್ದರು. "ತಾಯಿ ಮಗಳ್ದು ಒಂದು ಫೋಟೊ ತೆಗೀ. ಈ ಸಲ ಇದ್ದದ್ದು ಇದ್ದಂಗ ತೆಗೀ ಮತ್ತ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ಪಡಸಾಲೆ, ಅದೇ ಗೋಡೆ, ಅದೇ ಲೆನ್ಸ್. ಕಾಕಿ ಮಗುವನ್ನು ರೇಖಾಳ ಕೈಗೆ ಕೊಟ್ಟು ಕಂಬ ದಾಟಿ ಹೋಗಿ ಹರವಿಯ ಹತ್ತಿರ ನಿಂತಳು. ಅಲ್ಲಿಂದ ನನ್ನ ಕಡೆ ನೋಡಿದಳು.

"ಇಲ್ಲಿ ನಿಂತ್ರ ಬರಾಂಗಿಲ್ಲ ಹೌದಿಲ್ಲೊ?"

ಕಿಂಡಿಯೊಳಗೆ ಚಿತ್ರ ಕಂಬಕ್ಕೇ ಮುಗಿಯುತ್ತಿತ್ತು. ಅಷ್ಟು ಮಾತ್ರ ನನಗೆ ಗೊತ್ತಿತ್ತು. ಒಳಗೆ ಬಾ ಎಂದು ಕರೆಯಲು ಬಾಯಿ ತೆರೆದೆ. ಶಾಂತಾಬಾಯಿ ನನ್ನನ್ನೇ ನೋಡುತ್ತಿದ್ದರು.

"ಬರಾಂಗಿಲ್ಲ ಕಾಕಿ" ಎಂದೆ.

ಆ ದಿನ ಮನೆಗೆ ಬಂದವಳೇ ಯಾರ ಕಣ್ಣನ್ನೂ ನೋಡದೆ ಮೊದಲು ಬಲಗಡೆಯ ಅಂಚು ನೋಡಿದೆ. ಎಲ್ಲ ಚಿತ್ರಗಳಲ್ಲೂ ಕಂಬವೇ ಕೊನೆ. ಕಾಕಿ ಎಲ್ಲೂ ಬಂದಿರಲಿಲ್ಲ. ನನಗೆ ಹಾಯೆನಿಸಿತು. ಅದನ್ನು ನಾನು ಅವಳಿಗೆ ಇಂದಿಗೂ ಹೇಳಿಲ್ಲ.