ಕತ್ತರಿ ಮುಟ್ಟುವ ವಯಸ್ಸು

ಆ ಹೊಲಿಗೆ ಅಂಗಡಿಯಲ್ಲಿ ದೊಡ್ಡ ಕತ್ತರಿಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಇಪ್ಪತ್ತು ತುಂಬದವರು ಅದನ್ನು ಮುಟ್ಟುವಂತಿಲ್ಲ ಎಂಬುದು ಯಜಮಾನನ ಕಟ್ಟಪ್ಪಣೆ. ಅವನ ತಮ್ಮನ ಮಗಳಿಗೆ ಆಗ ಹದಿನಾರು. ಕಡ್ಡಿಯಂತಿದ್ದ ಅವಳನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಬಂದು ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಚಿಂದಿ ಗುಡಿಸುವುದು ಅವಳ ಪಾಲು. ಅವಳಪ್ಪ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ. ಅಣ್ಣನ ಎದುರು ತುಟಿ ಪಿಟಕ್ಕೆನ್ನದ ಪ್ರಾಣಿ.

ಅವಳ ಜೀವವೆಲ್ಲ ಆ ಕತ್ತರಿಯ ಮೇಲೆ.

"ದೊಡ್ಡಪ್ಪ, ನಾನೊಂದ್ಸಲ ಕಟ್ ಮಾಡ್ಲಾ?"

"ಮೊದ್ಲು ಮೂಗು ಒರೆಸ್ಕೊಳ್ಳೋದು ಕಲಿ," ಎಂದ ಯಜಮಾನ. ಅಂಗಡಿಗೆ ಅಂಗಡಿಯೇ ನಕ್ಕಿತು.

ಹುಡುಗಿ ಎರಡು ತಿಂಗಳು ಚೌಕಳಿ ಬಟ್ಟೆಯ ತುಂಡುಗಳನ್ನು ಕೂಡಿಟ್ಟಳು. ಮನೆಯ ಅಡುಗೆಮನೆ ನೆಲದ ಮೇಲೆ ಅವನ್ನು ಹರಡಿ, ಮನೆಯ ಮೊಂಡು ಕತ್ತರಿಯಲ್ಲೇ ಒಂದು ಅಂಗಿ ಕತ್ತರಿಸಿ ಹೊಲಿದಳು. ಜೇಬಿನ ಗೆರೆ ಎದೆಯ ಗೆರೆಗೆ ಎಷ್ಟು ಸರಿಯಾಗಿ ಕೂಡಿತ್ತೆಂದರೆ, ಜೇಬು ಎಲ್ಲಿದೆ ಎಂದು ತಡಕಬೇಕಿತ್ತು.

ಅವಳು ಅಂಗಡಿಗೆ ತಂದ ಅಂಗಿಯನ್ನು ದೊಡ್ಡಪ್ಪ ತಿರುಗಿಸಿ ತಿರುಗಿಸಿ ನೋಡಿದ. ಮುಖ ಅರಳಿತು. "ಯಾರು ಕಟ್ ಮಾಡಿದ್ದು?"

"ನಾನೇ."

"ಸುಳ್ಳು ಹೇಳ್ಬೇಡ. ನಿನ್ನ ವಯಸ್ಸಿಗೆ ಇದು ಬರಲ್ಲ." ಹಾಗೆಂದವನೇ ಮಿಷನ್ ಮುಂದೆ ಕೂತಿದ್ದ ತನ್ನ ಮಗನತ್ತ ತಿರುಗಿದ. ಮಗನಿಗೆ ಹತ್ತೊಂಬತ್ತು. "ಏನೋ, ಕದ್ದುಮುಚ್ಚಿ ಕಲಿತುಬಿಟ್ಟಿದ್ದೀಯಾ? ಅಪ್ಪನಿಗೂ ಹೇಳ್ಲಿಲ್ವಲ್ಲೋ!"

ಮಗರಾಯ ಹಲ್ಲು ಕಿರಿದ. ಕಟ್ಟಪ್ಪಣೆ ಗಾಳಿಗೆ ತೂರಿಹೋಯಿತು, ಕತ್ತರಿ ಅವನ ಕೈಗೆ ಬಂತು. ಒಳಗಿನಿಂದ ಅವಳಪ್ಪ ಹೇಳಿದ್ದಿಷ್ಟೇ: "ಹೋಗ್ಲಿ ಬಿಡಮ್ಮ, ನಿನ್ನ ಅಣ್ಣ ತಾನೆ?" ಅವಳಿಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ದೊಡ್ಡಪ್ಪನ ಮೇಲೂ ಬರಲಿಲ್ಲ.

ಮರುದಿನವೇ ಅಣ್ಣ ಬೆವರುತ್ತಾ ಬಂದ. "ಬಟ್ಟೆ ಮೇಲೆ ಗುರುತು ಹಾಕ್ಕೊಡೇ. ನಂಗೆ ಬರಲ್ಲ ಅಂತ ಗೊತ್ತಾದ್ರೆ ಅಪ್ಪ ಸಾಯಿಸ್ಬಿಡ್ತಾರೆ."

ಅವಳು ಹಾಕಿಕೊಟ್ಟಳು. ಒಂದು ವರ್ಷ, ದಿನಾ ಸಂಜೆ ದೊಡ್ಡಪ್ಪ ಚಹಾಕ್ಕೆ ಹೋದ ಅರ್ಧ ಗಂಟೆಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಗಳ ಮೇಲೆ ಗೆರೆ ಎಳೆದಳು. ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಆದರೂ ಆ ಅರ್ಧ ಗಂಟೆಗಾಗಿಯೇ ಅವಳು ದಿನವೆಲ್ಲ ಕಾಯುತ್ತಿದ್ದಳು.

ಒಂದು ದಿನ ಗಿರಾಕಿಯೊಬ್ಬ ತನ್ನ ಕೋಟನ್ನು ಮೆಚ್ಚಿ, "ಈ ಹುಡುಗೀಗೂ ಕಲಿಸಿ," ಎಂದ. "ಇವಳಿಗಾ? ಗುಂಡಿ ನೆಟ್ಟಗೆ ಹೊಲಿದ್ರೆ ಸಾಕು," ಎಂದ ದೊಡ್ಡಪ್ಪ. ಆ ಕೋಟಿನ ಒಂದೊಂದು ಗೆರೆಯೂ ಅವಳದಾಗಿತ್ತು. "ಇನ್ಮೇಲೆ ಗುರುತು ನೀನೇ ಹಾಕ್ಕೋ," ಎಂದು ಸಂಜೆ ಅಣ್ಣನಿಗೆ ಹೇಳಿಬಿಟ್ಟಳು.

ಮುಂದೆ ಬಂದದ್ದು ಕೋಟಿನ ವೆಲ್ವೆಟ್ ಬಟ್ಟೆ. ಅದರ ಮೇಲಿನ ನವಿರು ಎಳೆಗಳು ಒಂದೇ ದಿಕ್ಕಿಗೆ ಮಲಗಿರಬೇಕು. ಇಲ್ಲದಿದ್ದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಅಣ್ಣ ಬಟ್ಟೆ ಉಳಿಸಲು ಹೋಗಿ ಒಂದು ತೋಳಿನ ಗುರುತನ್ನು ತಲೆಕೆಳಗಾಗಿ ಹಾಕಿದ್ದ. ಅವಳಿಗೆ ತಡೆಯಲಾಗಲಿಲ್ಲ. "ಅಣ್ಣ, ನಿಲ್ಲು, ತೋಳು ಉಲ್ಟಾ ಆಗಿದೆ!"

"ಗೊತ್ತಿಲ್ದಿದ್ರಲ್ಲಿ ಮೂಗು ತೂರಿಸ್ಬೇಡ," ಎಂದು ದೊಡ್ಡಪ್ಪ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆಯೇ ಗದರಿದ. ಕತ್ತರಿ ಓಡಿತು.

ಹೊಲಿದ ಕೋಟನ್ನು ಗಿರಾಕಿ ಯಜಮಾನನ ಮುಖಕ್ಕೇ ಎಸೆದು ಹೋದ. ಅವಳು ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಅಣ್ಣ ನೆಲ ನೋಡಿದ. ಇಸ್ತ್ರಿಯ ಸದ್ದು ನಿಂತಿತು, ಮತ್ತೆ ಶುರುವಾಯಿತು.

"ತಪ್ಪು ಮಾಡೋನು ಒಬ್ಬ, ಕಥೆ ಕಟ್ಟೋಳು ಒಬ್ಳು! ಈ ವಯಸ್ಸಿನೋರ ಹಣೆಬರಹನೇ ಇಷ್ಟು," ಎಂದು ದೊಡ್ಡಪ್ಪ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. "ಇಪ್ಪತ್ತೈದು ಆಗೋವರೆಗೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ."

ಮರುದಿನ ಅವಳು ಎರಡು ಬೀದಿ ಆಚೆಯ ಅಂಗಡಿಗೆ ಹೋದಳು. ನನಗೆ ಕಟಿಂಗ್ ಬರುತ್ತೆ ಎಂಬ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಹೋಗಿದ್ದಳು. ಅಲ್ಲಿನ ಟೈಲರ್ ಕನ್ನಡಕದ ಮೇಲಿಂದ ನೋಡಿ ವಯಸ್ಸು ಕೇಳಿದ.

"ಹದಿನೇಳು."

"ಏನು ಕೆಲಸ ಬರುತ್ತಮ್ಮ?" ದನಿಯಲ್ಲಿ ಗದರಿಕೆಯಿರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ.

ಅವಳು ಬಾಯಿ ತೆರೆದಳು. "ಗುಂಡಿ ಹೊಲಿಯೋಕೆ ಬರುತ್ತೆ," ಎಂದಳು.