ಎರಡು ಒಲೆಯ ಮರ್ಮ ಬಲ್ಲ ಜಮೀಲಕ್ಕ

ಬೆಳಗಿನ ಆರೂವರೆ. ಮಧುಗಿರಿಯ ಪದವಿ ಕಾಲೇಜೊಂದರ ಗಣಿತ ಲ್ಯಾಬಿನಲ್ಲಿ ಜಮೀಲಾ ಒಂದೊಂದೇ ಕಂಪ್ಯೂಟರನ್ನು ಎಬ್ಬಿಸುತ್ತಿದ್ದಾರೆ. ಒಟ್ಟು ಇಪ್ಪತ್ನಾಲ್ಕು. ಪ್ರತಿಯೊಂದರಲ್ಲೂ ಗಣಿತದ ಸಾಫ್ಟ್‌ವೇರ್ ತೆರೆದು, ಎರಡಕ್ಕೆ ಎರಡು ಕೂಡಿಸಿ, ನಾಲ್ಕು ಬಂದ ಮೇಲೆಯೇ ಮುಂದಿನದಕ್ಕೆ ಹೋಗುತ್ತಾರೆ. ಒಂಬತ್ತಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ.

ಮಕ್ಕಳಿಗೆ ಇವರು ಜಮೀಲಕ್ಕ. ಶಿರಾದಲ್ಲಿ ಪಿಯುಸಿವರೆಗೆ ಓದಿದವರು. ಹನ್ನೊಂದು ವರ್ಷದ ಹಿಂದೆ ಕಸ ಗುಡಿಸಲು ಸೇರಿ, ನೋಡಿ ನೋಡಿಯೇ ಕೆಲಸ ಕಲಿತರು. ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಇಂದಿಗೂ ‘ಸ್ವಚ್ಛತೆ’ ಎಂದೇ ಇದೆ.

ಹೋದ ವರ್ಷ ಆ ಸ್ವಚ್ಛತೆಯೇ ಮುಳುವಾಯಿತು. ಈ ಸಾಫ್ಟ್‌ವೇರ್ ನಡೆಯುವುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಬಲದಿಂದ. ಕಂಪ್ಯೂಟರಿನಲ್ಲಿ ಮೊದಲೇ ಒಂದು ಪೈಥಾನ್ ಇದ್ದರೂ ಇದು ತನ್ನದನ್ನು ತಾನೇ ಹೊತ್ತು ತರುತ್ತದೆ. ಪರೀಕ್ಷೆಯ ಮುನ್ನಾದಿನ ಹೀಗೆ ಎರಡು ಇರುವುದು ಜಮೀಲಾ ಕಣ್ಣಿಗೆ ಬಿತ್ತು.

“ಒಂದೇ ಹೆಸ್ರಿಂದು ಎರಡೆರಡು ಯಾಕೆ ಅಂತ ಒಂದನ್ನ ಅಳಿಸ್ಬುಟ್ಟೆ ಸಾರ್. ಇಪ್ಪತ್ನಾಲ್ಕರಲ್ಲೂ. ಬೆಳಗ್ಗೆ ಒಂದೂ ತೆರೀಲಿಲ್ಲ. ನಾನೇ ಮಾಡಿದ್ದು ಅಂತ ಮೇಷ್ಟ್ರಿಗೆ ಹೇಳ್ದೆ.”

ಅಳಿಸಿಹೋದದ್ದು ಸಾಫ್ಟ್‌ವೇರ್ ಹೊತ್ತು ತಂದಿದ್ದ ಪೈಥಾನ್. ಎಲ್ಲವನ್ನೂ ಮತ್ತೆ ಹಾಕುವಷ್ಟರಲ್ಲಿ ಪರೀಕ್ಷೆ ಸಂಜೆಗೆ ಹೋಯಿತು. ಮಿಡಿಗೇಶಿಯ ಹುಡುಗಿಯೊಬ್ಬಳು ಬಸ್ ತಪ್ಪೀತೆಂದು ಅರ್ಧಕ್ಕೇ ಎದ್ದು ಓಡಿದಳು, ನಪಾಸಾದಳು. ಇದನ್ನು ಹೇಳುವಾಗ ಜಮೀಲಾ ಕೀಬೋರ್ಡಿನಿಂದ ತಲೆ ಎತ್ತುವುದಿಲ್ಲ.

ಏಳೂವರೆಗೆ ಆ ಹುಡುಗಿಯೇ ಬರುತ್ತಾಳೆ. ಹೆಸರು ರಕ್ಷಾ. ಮತ್ತೆ ಕಟ್ಟಿದ ಪರೀಕ್ಷೆ ಇವತ್ತೇ. ಅಭ್ಯಾಸಕ್ಕೆಂದು ಕೂತವಳು ಗಾಬರಿಯಾಗಿ ಕರೆಯುತ್ತಾಳೆ. “ಅಕ್ಕಾ, ಗ್ರಾಫ್ ಬರೆಯೋ ಪ್ಯಾಕೇಜನ್ನ ನಿನ್ನೆ ತಾನೆ ಹಾಕಿದ್ದೆ. ಇಲ್ಲ ಅಂತೈತೆ.”

ಜಮೀಲಾ ಬಗ್ಗಿ ನೋಡಿ ನಗುತ್ತಾರೆ. “ನೀನು ಕಂಪ್ಯೂಟರಲ್ಲಿ ಮೊದ್ಲಿಂದ ಇರೋ ಪೈಥಾನಿಗೆ ಹಾಕಿದ್ದೀಯ ಬೇಟಾ. ಈ ಸಾಫ್ಟ್‌ವೇರು ತವರಿಂದ ಒಲೆ ತಂದಿರೋ ಸೊಸೆ ಕಣಮ್ಮ. ಆ ಒಲೆ ಸಾರಿಗೆ ಉಪ್ಪು ಹಾಕಿದ್ರೆ ಈ ಒಲೇದಕ್ಕೆ ಹೆಂಗೆ ಬತ್ತದೆ?”

ಸಾಫ್ಟ್‌ವೇರಿನದೇ ಕಿಟಕಿ ತೆರೆದು, ಅಲ್ಲಿಂದ ಮತ್ತೆ ಹಾಕಿಸುತ್ತಾರೆ. ಮೂರು ನಿಮಿಷಕ್ಕೆ ಪರದೆಯ ಮೇಲೆ ಗೆರೆ ಬಾಗಿ ಮೂಡುತ್ತದೆ. ರಕ್ಷಾ ಉಸಿರು ಬಿಡುತ್ತಾಳೆ, ಜಮೀಲಾ ಇನ್ನೂ ದೊಡ್ಡದಾಗಿ.

ಹಾಜರಿ ಪುಸ್ತಕದಲ್ಲಿ ‘ಸ್ವಚ್ಛತೆ’ ಎಂಬ ಪದ ಬದಲಾಗಬೇಕೇ ಎಂದು ಕೇಳುತ್ತೇನೆ.

“ಅದು ಹಂಗೇ ಇರ್ಲಿ ಸಾರ್. ಈಕೆ ಹನ್ನೆರಡಕ್ಕೆ ಪೂರ್ತಿ ಮುಗ್ಸಿ, ಒಂದು ಗಂಟೆ ಬಸ್ಸಿಗೆ ಹೋಗ್ಲಿ. ಓಡದಂಗೆ, ನಡ್ಕೊಂಡು.”