ಗಂಜಿ ಅಂಗಿಯ ಸಪ್ಪಳ

“ಏನ್ ಸಾಹೇಬ್ರ, ಮದಿವಿಗೆ ಹೊಂಟೀರೋ, ರೇಷನ್ನಿಗೆ ಬಂದೀರೋ?”

ಶಲವಡಿಯ ನ್ಯಾಯಬೆಲೆ ಅಂಗಡಿಯ ಮುಂದೆ ಬೆಳಗ್ಗೆ ಏಳಕ್ಕೇ ಮೂವತ್ತು ಜನರ ಪಾಳಿ. ಕೇಳಿದವನು ಲಕ್ಕಪ್ಪ, ಎರಡು ಟ್ರ್ಯಾಕ್ಟರಿನ ಧಣಿ. ಕೇಳಿಸಿಕೊಂಡವನು ಹಮಾಲ ಗುಡದಪ್ಪ. ಪಾಳಿಯ ಕೊನೆಯಲ್ಲಿ ಹಾಲಿನಂಥ ಬಿಳಿ ಅಂಗಿ ತೊಟ್ಟು, ಮಡಿಚಿದ ಚೀಲ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಾನೆ.

“ರೇಷನ್ನಿಗೇ ಬಂದೇನಿ ಯಣ್ಣಾ,” ಎನ್ನುತ್ತಾನೆ ಮೆಲ್ಲಗೆ.

“ಮತ್ತ ಹಮಾಲಿ ಮಾಡಾವ ಹಮಾಲನಂಗ ಬರಬೇಕಲೇ! ಇಸ್ತ್ರಿ ಅಂಗಿ ಹಾಕ್ಕೊಂಡು ಪುಕ್ಕಟ ಅಕ್ಕಿಗೆ ಚೀಲ ಹಿಡ್ಯಾಕ ನಾಚಿಕಿ ಬರೂದಿಲ್ಲೇನು? ನಿನ್ನಂಥಾವ್ರ ಸಲುವಾಗಿ ನಾಳೆ ನಮ್ಮ ಕಾರ್ಡಿಗೂ ಕುತ್ತು.”

ಪಾಳಿ ನಗುತ್ತದೆ. ಗುಡದಪ್ಪನೂ ನಕ್ಕಂತೆ ಮಾಡಿ, ಕೆಳಗೆ ನೋಡಿ, ಎಡಗಾಲ ಚಪ್ಪಲಿಗೆ ಹತ್ತಿದ ಧೂಳನ್ನು ಬಲಗಾಲ ಹಿಂಬದಿಗೆ ಒರೆಸಿಕೊಳ್ಳುತ್ತಾನೆ.

ಈ ನಗುವಿಗೆ ಒಂದು ಕಾರಣವಿದೆ. ಈ ಊರಿನಲ್ಲಿ ರೇಷನ್ ದಿನಕ್ಕೆ ಬೇರೆಯೇ ಉಡುಪುಂಟು. ಯಾರೂ ಬರೆದಿಟ್ಟದ್ದಲ್ಲ, ಎಲ್ಲರೂ ಪಾಲಿಸುವಂಥದ್ದು. ಆ ಬೆಳಗ್ಗೆ ಪೆಟ್ಟಿಗೆಯ ತಳದಿಂದ ಹರಕು ಬನಿಯನ್ನುಗಳು ಹೊರಬರುತ್ತವೆ, ಬಣ್ಣ ಹೋದ ಲುಂಗಿಗಳು ಎದ್ದು ಕೂರುತ್ತವೆ. ಕೊರಳ ಚೈನು, ಕೈಬೆರಳ ಉಂಗುರ ಪೆಟ್ಟಿಗೆ ಸೇರುತ್ತವೆ. ಅಕ್ಕಿ ಮನೆಗೆ ಬಂದ ಮೇಲೆ ಬನಿಯನ್ನನ್ನು ಒಗೆದು, ಮಡಿಚಿ, ಮುಂದಿನ ತಿಂಗಳಿಗೆ ಎತ್ತಿಡುತ್ತಾರೆ. ಲಕ್ಕಪ್ಪನ ಬನಿಯನ್ನಿಗೆ ಬೆನ್ನಲ್ಲಿ ಮೂರು ತೂತು. ವರ್ಷಗಳಾದರೂ ಅವು ಅಷ್ಟೇ ಇವೆ, ದೊಡ್ಡವಾಗಿಲ್ಲ. ದಿನಾ ತೊಟ್ಟ ಬಟ್ಟೆಯ ತೂತು ಹಾಗಿರುವುದಿಲ್ಲ.

ನಿಜವಾಗಿ ಬಡವನಾದ ಗುಡದಪ್ಪನೊಬ್ಬ ಮಾತ್ರ ಆ ದಿನ ಇದ್ದುದರಲ್ಲೇ ಒಳ್ಳೆಯ ಅಂಗಿ ತೊಟ್ಟು ಬರುತ್ತಾನೆ.

ಗುಡದಪ್ಪನಿಗೆ ನಲವತ್ತೇಳು ವರ್ಷ. ಇಪ್ಪತ್ತೊಂಬತ್ತು ವರ್ಷದಿಂದ ಅಣ್ಣಿಗೇರಿಯ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ. ಅವನ ಬೆಳಗು ಮೂಡಣ ಬೆಳ್ಳಗಾಗುವ ಮೊದಲೇ, ಒಲೆಯ ಕೆಂಡದಿಂದ ಶುರುವಾಗುತ್ತದೆ. ಹಿತ್ತಾಳೆ ತಂಬಿಗೆಗೆ ನಾಲ್ಕು ಕೆಂಡ ತುಂಬಿ, ಅದರ ಕಂಠಕ್ಕೆ ಒದ್ದೆ ಅರಿವೆ ಸುತ್ತಿ ಹಿಡಿದುಕೊಳ್ಳುತ್ತಾನೆ. ನೆಲಕ್ಕೆ ಕಂಬಳಿ, ಕಂಬಳಿ ಮೇಲೆ ಹಳೆ ಧೋತರ, ಅದರ ಮೇಲೆ ಅಂಗಿ. ತಂಬಿಗೆಯ ತಳ ಅಂಗಿಯ ಮೇಲೆ ದೋಣಿಯಂತೆ ತೇಲಿಹೋಗುತ್ತದೆ. ಸಣ್ಣಗೆ ಆವಿ ಏಳುತ್ತದೆ. ಆ ಆವಿಗೆ ಬೆಂದ ಅನ್ನದ ವಾಸನೆ, ಏಕೆಂದರೆ ಅಂಗಿಗೆ ಹಾಕಿದ್ದು ಹಿಂದಿನ ದಿನದ ಗಂಜಿ. ರೇಷನ್ ಅಕ್ಕಿಯ ಗಂಜಿ.

“ಅನ್ನ ಹೊಟ್ಟಿಗೆ, ಗಂಜಿ ಅಂಗಿಗೆ,” ಎನ್ನುತ್ತಾನೆ ಗುಡದಪ್ಪ. “ಮಂದಿ ಗಂಜಿ ಚೆಲ್ತಾರ್ರಿ. ನಂಗ ಅದನ್ನ ನೋಡಿದ್ರ ಹೊಟ್ಟಿ ಉರೀತೈತಿ. ಒಂದು ಬಟ್ಲ ಗಂಜಿ, ಚಿಟಿಕಿ ನೀಲಿ. ಅಷ್ಟಾದ್ರ ಅಂಗಿ ತಾನ ನಿಂದರತೈತಿ ನೋಡ್ರಿ, ಮನಷಾ ಬ್ಯಾಡ.”

ಹೊರಗೆ ತೊಡಲು ಅವನಿಗಿರುವುದು ಮೂರೇ ಅಂಗಿ. ಒಂದು ಬಿಳಿ, ಒಂದು ಆಕಾಶದ ಬಣ್ಣ, ಒಂದು ಕೆನೆ ಬಣ್ಣ. ಮೂರನ್ನೂ ಆರಿಸಿದ್ದು ಸಂತೆಯಲ್ಲಿ ತಾಡಪತ್ರಿ ಹಾಸಿ ಸುರಿದ ಹಳೆ ಬಟ್ಟೆಯ ರಾಶಿಯಿಂದ. ಎಲ್ಲರೂ ಬಣ್ಣ ನೋಡಿ ಎಳೆದಾಡುವಾಗ ಇವನು ಹೊಲಿಗೆ ನೋಡುತ್ತಾನೆ. ಅಂಗಿಯನ್ನು ಬಿಸಿಲಿಗೆ ಹಿಡಿದು, ಕಂಕುಳ ಹತ್ತಿರ ಬೆಳಕು ಜಾಸ್ತಿ ಬಂದರೆ ಕೆಳಗಿಡುತ್ತಾನೆ. ಕರಿ ಪ್ಯಾಂಟು ಒಂದೇ. ರಾತ್ರಿ ಅದು ಹಾಸಿಗೆಯ ಕೆಳಗೆ ಮಲಗುತ್ತದೆ, ಬೆಳಗ್ಗೆ ಚೂರಿಯಂಥ ಗೀರು ಪಡೆದು ಏಳುತ್ತದೆ. ಚಪ್ಪಲಿಗೆ ಎರಡು ಹನಿ ಶೇಂಗಾ ಎಣ್ಣೆ.

ಕಾಲರ್ ಸವೆಯುತ್ತದಲ್ಲ? ಅದಕ್ಕೆ ಅಣ್ಣಿಗೇರಿಯಲ್ಲಿ ದರ್ಜಿ ಅಲ್ಲಾಭಕ್ಷ ಇದ್ದಾನೆ. ಸವೆದ ಕಾಲರನ್ನು ಬಿಚ್ಚಿ, ಒಳಮಗ್ಗುಲನ್ನು ಹೊರಗೆ ತಿರುವಿ ಮತ್ತೆ ಹೊಲಿಯುತ್ತಾನೆ. ಹರಿದದ್ದು ಒಳಗೆ ಅಡಗುತ್ತದೆ, ಹೊಸದು ಹೊರಗೆ ನಗುತ್ತದೆ. “ಮೊದಲ ಈ ಕೆಲಸ ಭಾಳ ಮಂದಿ ಮಾಡಸ್ತಿದ್ರು,” ಎನ್ನುತ್ತಾನೆ ಅಲ್ಲಾಭಕ್ಷ. “ಈಗ ಗುಡದಣ್ಣ ಒಬ್ಬಾಂವ. ಅಂವ ಬಂದ್ರ ನನ್ನ ಬೆರಳಿಗೆ ಹಳೇ ಕೆಲಸ ನೆನಪಾಗತೈತಿ.” ಹೀಗೆಂದು ಹತ್ತೂ ಬೆರಳನ್ನು ನೋಡಿಕೊಳ್ಳುತ್ತಾನೆ.

ಇನ್ನು ಗುಂಡಿಗಳು. ಒಂದು ಅಗಲ ಡಬ್ಬಿಯಲ್ಲಿ ಬಿಳಿ, ಕರಿ, ಕಂದು, ಮೂರು ಬಗೆಯ ಗುಂಡಿಗಳಿವೆ. ರವಿವಾರಕ್ಕೊಮ್ಮೆ ಹೆಂಡತಿ ಸಾವಕ್ಕ ಗುಂಡಿ ಬದಲಿಸುತ್ತಾಳೆ. ಬಿಳಿ ಅಂಗಿಗೆ ಕರಿ ಗುಂಡಿ ಬಿದ್ದ ವಾರ ಅದು ಬೇರೆಯೇ ಅಂಗಿ.

ಮಾರುಕಟ್ಟೆ ಮುಟ್ಟಿದ ಮೇಲೆ ಈ ಸಿಂಗಾರವೆಲ್ಲ ಗೋದಾಮಿನ ಒಂದು ಮೊಳೆಗೆ. ಗುಡದಪ್ಪ ಹರಕು ಅಂಗಿ, ಗೋಣಿಚೀಲದ ಕೊಪ್ಪೆ ತೊಟ್ಟು ಇಳಿಯುತ್ತಾನೆ. ಮೆಣಸಿನಕಾಯಿ ಹಂಗಾಮಿನಲ್ಲಿ ದಿನಕ್ಕೆ ನೂರೈವತ್ತು ಚೀಲ. ಲಾರಿಯಿಂದ ಗೋದಾಮಿಗೆ ನಲವತ್ತು ಹೆಜ್ಜೆ, ಬೆನ್ನ ಮೇಲೆ ನಲವತ್ತು ಕಿಲೋ. ಕಡಲೆ ಬಂದಾಗ ಚೀಲ ಕಡಿಮೆ, ಭಾರ ಜಾಸ್ತಿ. ಕೆಂಪು ಧೂಳು ಕಣ್ಣು, ಮೂಗು, ಗಂಟಲು ಒಂದನ್ನೂ ಬಿಡುವುದಿಲ್ಲ. ನಮ್ಮ ಸಾರಿನ ಬಣ್ಣ ಚೆಂದ ಎಂದು ಹೊಗಳುವ ಜನರಲ್ಲಿ ಒಬ್ಬರಾದರೂ ಆ ಕೆಮ್ಮು ಕೇಳಿದ್ದಾರೋ? ಆದರೆ ಆ ಮೊಳೆಯ ಸುತ್ತ ಒಂದು ಗೇಣು ಜಾಗ ಖಾಲಿ ಇರುತ್ತದೆ. ಅಲ್ಲಿ ಯಾವ ಹಮಾಲನೂ ಚೀಲ ಎಸೆಯುವುದಿಲ್ಲ. ಹೊಸಬರು ಬಂದರೆ ಉಳಿದವರೇ ಕೂಗುತ್ತಾರೆ: “ಏ, ಬಾಜೂಕ ಸರೀಲೇ, ಗುಡದಣ್ಣನ ಅಂಗಿ ಐತಿ!”

ಯಾಕಿಷ್ಟು ಪಡಿಪಾಟಲು ಎಂದು ಕೇಳಿದರೆ ಗುಡದಪ್ಪ ಅವ್ವನ ಮಾತು ತೆಗೆಯುತ್ತಾನೆ. ಅವ್ವ ರೇಣುಕವ್ವ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದವಳು. ಇವನು ಆರೇಳು ವರ್ಷದವನಿದ್ದಾಗ ಸಾಲಿನ ನಡುವೆ ಕೂತು ನೋಡುತ್ತಿದ್ದ. ಕಪ್ಪು ನೆಲ, ಅದರ ಮೇಲೆ ತೇಲುವ ಬಿಳುಪು, ಆ ಬಿಳುಪಿನಲ್ಲಿ ಸೊಂಟದವರೆಗೆ ಮುಳುಗಿ ನಡೆಯುವ ಅವ್ವ. ಮೋಡದೊಳಗೆ ಹೋದವಳಂತೆ ಕಾಣುತ್ತಿದ್ದಳು. ಸಂಜೆ ಮೋಡದಿಂದ ಹೊರಬಂದರೆ ಸೀರೆಗೆ ನಾಲ್ಕು ತೇಪೆ.

“ಆವಾಗ ನಮ್ಮವ್ವ ಅಂತಿದ್ಲ್ರಿ, ಇಡೀ ಊರಿನ ಅರಿವಿ ನನ್ನ ಕೈಯಾಗ ಹಾದು ಹೋಗತೈತಿ, ನನ್ನ ಮಗನ ಮೈಮ್ಯಾಲ ಒಂದು ಚಲೋ ಅಂಗಿ ನಿಲ್ಲವಲ್ದು ಅಂತ. ಅದು ನನ್ನ ತಲ್ಯಾಗ ಕುಂತ ಬಿಟ್ಟೈತಿ.”

ಈಗ ರೇಣುಕವ್ವನ ಎರಡೂ ಕಣ್ಣಿಗೆ ಪೊರೆ. ಅವಳಿಗೆ ಲೋಕ ಮಂಜಿನಲ್ಲಿ ನಿಂತಂತೆ. ಬಾಗಿಲಲ್ಲಿ ಬಂದವರು ಯಾರೆಂದು ತಿಳಿಯುವುದಿಲ್ಲ. ಮಗ ಮಾತ್ರ ತಿಳಿಯುತ್ತಾನೆ. ಒಂದು ಬಿಳಿ ನೆರಳು, ಜೊತೆಗೆ ಸರಸರ ಎನ್ನುವ ಗಂಜಿ ಅಂಗಿಯ ಸಪ್ಪಳ. “ಬಂದ್ಯಾ?” ಎಂದು ಮೊದಲು ಅವಳೇ ಕೇಳುತ್ತಾಳೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಆಪರೇಷನ್ನಿಗೆ ತಾರೀಖು ಕೊಟ್ಟಿದ್ದಾರೆ. ಬರುವಾಗ ಬಿಪಿಎಲ್ ಕಾರ್ಡು ತರಬೇಕು.

ಅಂಥ ಹೊತ್ತಿನಲ್ಲಿ ಆ ಕಾರ್ಡಿನ ಮೇಲೆ ಒಂದು ತಕರಾರು ಅರ್ಜಿ ಬೀಳುತ್ತದೆ. ಸಹಿ ಇಲ್ಲ. ಗುಡದಪ್ಪ ದಿನಾ ಇಸ್ತ್ರಿ ಬಟ್ಟೆ ಹಾಕುತ್ತಾನೆ, ಅವನ ಬಳಿ ಒಂಬತ್ತು ಅಂಗಿಗಳಿವೆ, ಇಂಥವನು ಬಡವ ಹೇಗೆ? ಬರೆದವನು ಎಣಿಸಿದ್ದರಲ್ಲಿ ತಪ್ಪಿಲ್ಲ. ಮೂರು ಅಂಗಿ, ಮೂರು ಬಗೆಯ ಗುಂಡಿ. ಸಾವಕ್ಕನ ಸೂಜಿಯ ಕೆಲಸ ಅಷ್ಟು ಚೊಕ್ಕ.

ಮನೆ ನೋಡಲು ತಾಲೂಕಿನಿಂದ ಮೇಡಂ ಬರುತ್ತಾರೆಂದು ಸುದ್ದಿ ಬಂದ ದಿನ ಸಾವಕ್ಕ ಗೋದಾಮಿನ ಹರಕು ಅಂಗಿಯನ್ನು ಮನೆಗೆ ತರಿಸುತ್ತಾಳೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಥ ಅಂಗಿ ಹೊಸ್ತಿಲು ದಾಟಿದ್ದು ಅದೇ ಮೊದಲು.

“ಒಂದ ದಿನ ಹಾಕ್ಕೊಳ್ರಿ. ಇಡೀ ಊರ ಹಾಕ್ಕೊಂತೈತಿ. ನಿಮಗೊಬ್ರಿಗೆ ಏನ್ ಬ್ಯಾನಿ?”

“ಅದರ ಮ್ಯಾಲೆಲ್ಲ ಖಾರದ ಧೂಳ ಐತೆಲೇ.”

“ಇರಲಿ. ಮೇಡಮ್ಮೋರ ಕಣ್ಣಾಗ ನೀರರೆ ಬರ್ತಾವ.”

ಇಬ್ಬರೂ ನಗುತ್ತಾರೆ. ಮರುಗಳಿಗೆ ಸಾವಕ್ಕನ ದನಿ ಇಳಿಯುತ್ತದೆ. “ಅತ್ತೀ ಕಣ್ಣಿನ ವಿಚಾರ ಮಾಡ್ರಿ. ನಿಮ್ಮ ಅಂಗೀದ ಆಮ್ಯಾಲ.”

ಮಾತು ನಾಟುತ್ತದೆ. ಮರುದಿನ ಬೆಳಗ್ಗೆ ಒಲೆಯಲ್ಲಿ ಕೆಂಡ ಹಾಗೇ ಬೂದಿಯಾಗುತ್ತದೆ, ತಂಬಿಗೆ ಮೂಲೆಯಲ್ಲಿ ತಣ್ಣಗಿರುತ್ತದೆ. ಗುಡದಪ್ಪ ಹರಕು ಅಂಗಿ ತೊಟ್ಟು, ಉಸಿರು ಬಿಗಿಹಿಡಿದು ಹೊರಗೆ ಬರುತ್ತಾನೆ. ಕಟ್ಟೆಯ ಮೇಲೆ ಎಳೆಬಿಸಿಲಲ್ಲಿ ಅವ್ವ ಕೂತಿದ್ದಾಳೆ. ಎದುರಿಗೆ ನೆರಳು ಸುಳಿದದ್ದು ಅವಳಿಗೆ ತಿಳಿಯುತ್ತದೆ. ನೆರಳು ಬಿಳಿಯಿಲ್ಲ. ಸಪ್ಪಳವಿಲ್ಲ. ಖಾರದ ಘಾಟಿಗೆ ಎರಡು ಸಲ ಸೀನುತ್ತಾಳೆ.

“ಯಾರಪಾ ನೀ? ಗುಡದಪ್ಪ ಇನ್ನೂ ಹೊರಗ ಬಂದಿಲ್ಲ. ಕುಂದರು, ಈಗ ಬರ್ತಾನ.”

ಬಿಸಿಲು ಅವ್ವನ ಹಾಲುಗಣ್ಣಿನ ಮೇಲೆ ಬಿದ್ದಿದೆ. ಅವಳು ಬಾಗಿಲ ಕಡೆ ಮುಖ ಮಾಡಿ, ಮಗ ಬರುವುದನ್ನು ಕಾಯುತ್ತಾಳೆ. ಗುಡದಪ್ಪ ಹೆಜ್ಜೆ ಸಪ್ಪಳವಾಗದಂತೆ ಒಳಗೆ ಹೋಗುತ್ತಾನೆ. ಒಲೆ ಊದುತ್ತಾನೆ. ತಂಬಿಗೆ ತುಂಬುತ್ತಾನೆ. ಸಾವಕ್ಕ ನೋಡುತ್ತಾಳೆ. ಕಂಬಳಿಯನ್ನು ತಾನೇ ಹಾಸಿಕೊಡುತ್ತಾಳೆ.

ಎರಡನೇ ಸಲ ಅವನು ಹೊರಬಂದಾಗ ಅವ್ವ ಕೇಳುತ್ತಾಳೆ, “ಬಂದ್ಯಾ? ಯಾರೋ ಬಂದಿದ್ರು ನೋಡು.”

“ಹೋದ್ರು ಬಿಡ ಯವ್ವಾ.”

ಹತ್ತು ಗಂಟೆಗೆ ರಂಜನಾ ಮೇಡಂ ಬರುತ್ತಾರೆ. ಹಿಂದೆ ಅರ್ಧ ಓಣಿ. ತಗಡಿನ ಮಾಡು, ಒಂದೇ ಖೋಲಿ, ಮೂಲೆಯ ಒಲೆ, ಎಲ್ಲ ನೋಡಿ, ಇಸ್ತ್ರಿ ಅಂಗಿಯ ಗುಡದಪ್ಪನನ್ನೂ ನೋಡಿ ಕಾಗದ ತೆಗೆಯುತ್ತಾರೆ.

“ಒಂಬತ್ತ ಅಂಗಿ ಅದಾವಂತಲ್ರಿ ನಿಮ್ಮ ಕಡೆ. ಎಲ್ಲಿ?”

ಗುಡದಪ್ಪನ ಕಿವಿ ಕೆಂಪಾಗುತ್ತದೆ. ಹೇಳಿದರೆ ಕಾರ್ಡು ಉಳಿಯುತ್ತದೆ, ಆದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಓಣಿಯ ಬಾಯಿಗೆ ಬೀಳುತ್ತದೆ. ಸಾವಕ್ಕ ಕಾಯುವುದಿಲ್ಲ. ಗೂಟದ ಎರಡು ಅಂಗಿ ತಂದು ಮೇಡಂ ಮುಂದೆ ಹಾಸಿ, ಗುಂಡಿ ಡಬ್ಬಿಯನ್ನು ಅವುಗಳ ಮೇಲೆ ಸುರುವುತ್ತಾಳೆ.

“ಎರಡ ಇಲ್ಲಿ, ಒಂದ ಅವರ ಮೈಮ್ಯಾಲ. ಉಳದ ಆರು ಈ ಡಬ್ಬಿ ಒಳಗ ಅದಾವ್ರಿ, ಎಣಿಸಿಕೊಳ್ರಿ.” ಆಮೇಲೆ ಗಂಡನ ಕುತ್ತಿಗೆಗೆ ಕೈ ಹಾಕಿ, ಕಾಲರನ್ನು ಎತ್ತಿ, ನೂಲು ನೂಲಾಗಿ ಹರಿದ ಒಳಮಗ್ಗುಲನ್ನು ತೋರಿಸುತ್ತಾಳೆ. ಓಣಿ ನೋಡುತ್ತದೆ. ಗುಡದಪ್ಪ ಕಣ್ಣು ಮುಚ್ಚಿಕೊಳ್ಳುತ್ತಾನೆ.

ರಂಜನಾ ಮೇಡಂ ಒಂದು ಕರಿ ಗುಂಡಿಯನ್ನು ಎತ್ತಿ, ತಿರುವಿ ನೋಡಿ, ಮತ್ತೆ ಡಬ್ಬಿಗೆ ಹಾಕುತ್ತಾರೆ. “ಅಂಗಿ ನೋಡಿ ಕಾರ್ಡ್ ಕೊಡೂದೂ ಇಲ್ಲ, ಕಸ್ಕೊಳ್ಳೂದೂ ಇಲ್ರಿ. ನಿಮ್ಮದು ಇರ್ತದ. ಅಜ್ಜೀನ್ನ ಕರ್ಕೊಂಡ ಹೋಗ್ರಿ,” ಎಂದು ಬರೆದು ಏಳುತ್ತಾರೆ. ಬಾಗಿಲಲ್ಲಿ ನಿಂತು ಕೇಳುತ್ತಾರೆ, “ಇಸ್ತ್ರಿ ಎಲ್ಲಿ ಮಾಡಸ್ತೀರಿ? ಭಾಳ ಚಂದ ಆಗೇದ.” ಗುಡದಪ್ಪ ತಂಬಿಗೆಯತ್ತ ಕೈ ತೋರಿಸುತ್ತಾನೆ.

ನಿನಗೇನು ಬೇಕು ಎಂದು ಗುಡದಪ್ಪನನ್ನು ಕೇಳಿದರೆ, “ಒಂದ ಆಳೆತ್ತರದ ಕನ್ನಡಿ,” ಎನ್ನುತ್ತಾನೆ. ಮನೆಯಲ್ಲಿರುವುದು ಅಂಗೈಯಗಲದ ಕನ್ನಡಿ. ಅದರಲ್ಲಿ ಕಾಲರ್ ಕಂಡರೆ ಗುಂಡಿ ಕಾಣುವುದಿಲ್ಲ, ಗುಂಡಿ ಕಂಡರೆ ಮುಖವಿಲ್ಲ. ತಲೆಯಿಂದ ಕಾಲಿನವರೆಗೆ ತನ್ನನ್ನು ಒಟ್ಟಿಗೆ ನೋಡಿಕೊಳ್ಳುವುದು ಊರ ಕೆರೆಯಲ್ಲಿ ಮಾತ್ರ. ಟೆಂಪೋ ಹಿಡಿಯಲು ಏರಿಯ ಮೇಲೆ ಹೋಗುವಾಗ, ಗಾಳಿ ಇನ್ನೂ ಏಳದ ಹೊತ್ತಿನಲ್ಲಿ, ನೀರಿನೊಳಗೆ ಬಿಳಿ ಅಂಗಿಯವನೊಬ್ಬ ಜೊತೆಗೇ ನಡೆಯುತ್ತಾನೆ, ತಲೆಕೆಳಗಾಗಿ, ನಕ್ಷತ್ರಗಳನ್ನು ತುಳಿಯುತ್ತ. “ಅಂವ ಯಾರೋ ದೊಡ್ಡ ಮನಷಾ ಇದ್ದಂಗ ಕಾಣ್ತಾನ್ರಿ. ನಾನೂ ಒಮ್ಮೊಮ್ಮೆ ನಮಸ್ಕಾರ ಹೇಳ್ತೀನಿ.”

ಮುಂದಿನ ತಿಂಗಳ ರೇಷನ್ ದಿನ. ಅದೇ ಪಾಳಿ, ಅದೇ ಹರಕು ಬನಿಯನ್ನುಗಳು. ಗುಡದಪ್ಪ ಹೆಬ್ಬೆಟ್ಟು ಒತ್ತಿ, ಅಕ್ಕಿ ಅಳೆಸಿಕೊಂಡು, ಹೆಗಲ ಮೇಲೆ ಟವೆಲ್ ಮಡಿಚಿ ಹಾಕಿ, ಅದರ ಮೇಲೆ ಚೀಲ ಏರಿಸುತ್ತಾನೆ. ಅಂಗಿ ಸುಕ್ಕಾಗಬಾರದು. ಅವ್ವನ ಆಪರೇಷನ್ನಿಗೆ ನಾಲ್ಕೇ ದಿನ ಬಾಕಿ.

“ಏ ಸಾಹೇಬ್ರ,” ಲಕ್ಕಪ್ಪ ಪಾಳಿಯಿಂದ ಕೂಗುತ್ತಾನೆ. “ಮೇಡಮ್ಮಗ ಕಾಲರ್ ಎತ್ತಿ ತೋರ್ಸೀರಂತ! ಮೂರ ಅಂಗ್ಯಾಗ ಊರ ಮಂದಿ ಕಣ್ಣ ಕಟ್ಟೀಯಲ್ಲಲೇ. ನಮಗೂ ಒಂಚೂರ ಎತ್ತಿ ತೋರ್ಸು, ನೋಡೂಣು!”

ಪಾಳಿ ನಗುತ್ತದೆ, ಕಳೆದ ಸಲಕ್ಕಿಂತ ಜೋರಾಗಿ.

ಗುಡದಪ್ಪ ತಿರುಗಿ ನಿಲ್ಲುತ್ತಾನೆ. ಲಕ್ಕಪ್ಪನನ್ನು ಮೇಲಿನಿಂದ ಕೆಳಗೆ ನಿಧಾನಕ್ಕೆ ನೋಡುತ್ತಾನೆ. ಬಿಸಿಲಿಗೆ ಕರಿದಾದ ಆ ಕೊರಳಿನ ಸುತ್ತ ಒಂದು ತೆಳ್ಳನೆಯ ಬಿಳಿ ಗೆರೆ, ಬೆಳಗ್ಗೆ ಬಿಚ್ಚಿಟ್ಟು ಬಂದ ಚೈನಿನ ಗುರುತು. ಗುಡದಪ್ಪನ ಕಣ್ಣು ಅಲ್ಲಿ ನಿಲ್ಲುತ್ತದೆ. ಲಕ್ಕಪ್ಪನ ಕೈ ತಾನಾಗಿಯೇ ಕೊರಳಿಗೆ ಹೋಗುತ್ತದೆ. ಪಾಳಿಯಲ್ಲಿ ಇನ್ನೂ ಎರಡು ಮೂರು ಕೈಗಳು ಕೊರಳು, ಬೆರಳು ಮುಟ್ಟಿಕೊಳ್ಳುತ್ತವೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಲಕ್ಕಪ್ಪನ ಮಾನ ಕಳೆಯಲು ಒಂದು ಮಾತು ಸಾಕಿತ್ತು. ಗುಡದಪ್ಪ ಹೆಗಲ ಮೇಲಿನ ಚೀಲವನ್ನು ಸರಿಮಾಡಿಕೊಳ್ಳುತ್ತಾನೆ, ಬೆನ್ನು ತಿರುಗಿಸುತ್ತಾನೆ, ನಡೆಯುತ್ತಾನೆ. ಓಣಿ ತಿರುಗುವವರೆಗೂ ಅಂಗಿಯ ಸರಸರ ಕೇಳುತ್ತಲೇ ಇರುತ್ತದೆ.